ಹದ್ದಿನ ಕಣ್ಣಿಗೂ ಸಿಗದ ತಳ

ನಮ್ಮ ಕಡೆ ಈಗ ತೋಟಕ್ಕೊಂದು ಕೃಷಿಹೊಂಡ. ಮಳೆ ಬಂದಾಗ ನೀರು ತುಂಬಿಸಿಕೊಳ್ಳುತ್ತೇವೆ, ಬೇಸಿಗೆಯಲ್ಲಿ ಟೊಮೇಟೊಗೆ ಬಿಡುತ್ತೇವೆ. ನೀರು ಇಂಗಿ ಹೋಗದಂತೆ ಒಳಗೆಲ್ಲ ಪ್ಲಾಸ್ಟಿಕ್ ಹಾಸಿರುತ್ತೇವೆ. ಸುತ್ತ ಬೇಲಿ ಮಾತ್ರ ಎಷ್ಟೋ ಕಡೆ ಇರುವುದಿಲ್ಲ. ಕೇಳಿದರೆ ಎಲ್ಲರದೂ ಒಂದೇ ಉತ್ತರ: "ಮುಂದಿನ ಬೆಳೆಗೆ ಹಾಕಿಸ್ತೀವಿ."

ನಂಗಲಿಯ ಹೆದ್ದಾರಿ ಬಿಟ್ಟು ಒಳಗೆ ಹೋದರೆ ಚನ್ನರಾಯಪ್ಪನವರ ಊರು. ಅವರ ಮನೆಯಲ್ಲಿ ಪುಟ್ಟ ಮೊಮ್ಮಗಳು ಮೇಘನಳಿಗೆ ಕಿವಿ ಚುಚ್ಚಿಸುವ ಕಾರ್ಯ ಹತ್ತಿರ ಬಂದಿತ್ತು. ಬೆಳಿಗ್ಗೆ ಕುರುಡುಮಲೆ ಗಣಪನ ಮುಂದೆ ಪೂಜೆ, ಮಧ್ಯಾಹ್ನ ತೋಟದ ಮಾವಿನ ನೆರಳಲ್ಲಿ ಊಟ. ಆ ಮರಗಳ ಪಕ್ಕದಲ್ಲೇ ಹೊಂಡ.

ಸೊಸೆ ಅನಿತ ಮಾವನ ಹಿಂದೆ ಬಿದ್ದಿದ್ದಳು.

"ಮಾವ, ಊಟಕ್ಕೆ ಬರೋರೆಲ್ಲ ಮಕ್ಕಳನ್ನ ಕರ್ಕೊಂಡು ಬರ್ತಾರೆ. ಹೊಂಡದ ಸುತ್ತ ಏನಾದ್ರೂ ಕಟ್ಟಿಸಿ ಅಂದೆ. ನೀವು ನಾಳೆ, ನಾಡಿದ್ದು ಅಂತಾನೇ ಇದೀರ."

"ಯಾಕಮ್ಮಾ ಕಟ್ಟೋದು? ಅದ್ರಲ್ಲಿ ನೀರು ಎಲ್ಲೈತೆ? ಟೊಮೇಟೊಗೆ ಬಿಟ್ಟು ಬಿಟ್ಟು ಇಳಿದೋಗೈತೆ. ನನ್ನ ಸೊಂಟದ ತನಕ ಇದ್ರೆ ಹೆಚ್ಚು. ದಿವ್ಯ ಈಜು ಕಲೀಬೇಕು ಅಂತ ಫೋನಲ್ಲಿ ಕುಣೀತಿದ್ಲು. ಬಾ, ನಾನೇ ಇಳಿಸ್ತೀನಿ ಅಂದಿದೀನಿ."

ದಿವ್ಯ ಅವರ ಮಗಳು ಗಂಗಾಳ ಮಗಳು. ವೇಮಗಲ್‌ನಲ್ಲಿ ಆರನೇ ತರಗತಿ ಓದುತ್ತಾಳೆ. ಮಾರನೇ ದಿನ ಸಂಜೆ ಬರುವವಳಿದ್ದಳು. ತಾತ ಹಾರು ಅಂದರೆ ಹಾರುವ ಹುಡುಗಿ.

ಚನ್ನರಾಯಪ್ಪನವರ ಧೈರ್ಯಕ್ಕೆ ಕಾರಣವಿತ್ತು. ಯುಗಾದಿ ಕಳೆದ ಮೇಲೆ ಅವರು ಎರಡೂ ಕಣ್ಣಿನ ಪೊರೆ ತೆಗೆಸಿಕೊಂಡಿದ್ದರು. ಈಗ ಬಸ್ ನಿಲ್ದಾಣದಲ್ಲಿ ನಿಂತು ಪಂಚಾಯಿತಿಯ ಬೋರ್ಡು ಓದುತ್ತಿದ್ದರು. ಯಾರೂ ಕೇಳದಿದ್ದರೂ ಗಟ್ಟಿಯಾಗಿ ಓದುತ್ತಿದ್ದರು.

"ಕಣ್ಣು ಬಂದಾಗಿಂದ ಈ ಮನುಷ್ಯನ್ನ ಹಿಡಿಯೋಕಾಗ್ತಿಲ್ಲ," ಎಂದರು ಅವರ ಹೆಂಡತಿ ಕದಿರಮ್ಮ. "ಮುದ್ದೇಲಿ ಗಂಟೈತೆ, ಅಕ್ಕೀಲಿ ಕಲ್ಲೈತೆ, ಎಲ್ಲಾ ಕಾಣ್ತದೆ. ಬೇಲಿ ಇಲ್ಲದ್ದೊಂದು ಕಾಣಲ್ಲ."

ಅಷ್ಟರಲ್ಲಿ ಕದಿರಮ್ಮನ ತಂಗಿ ಶೋಭಾರಾಣಿ ಮುಳಬಾಗಿಲಿನಿಂದ ಬಂದಿಳಿದರು. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವ ಟೀಚರು. ಭಾವನನ್ನು ಕೆಣಕದೆ ಅವರಿಗೆ ಆ ಮನೆಯ ಕಾಫಿ ರುಚಿಸುವುದಿಲ್ಲ.

"ಏನ್ ಭಾವ, ಹೊಸ ಕಣ್ಣು ಹೆಂಗಿದೆ?"

"ಹದ್ದಿನ ಕಣ್ಣು ಕಣಮ್ಮಾ! ದಂಡೆ ಮೇಲೆ ನಿಂತ್ರೆ ಹೊಂಡದ ತಳದಾಗಿರೋ ಮರಳಿನ ಚೀಲದ ಅಕ್ಷರ ಓದ್ತೀನಿ. ನಿನ್ನ ಅಕ್ಕನ ಸೊಸೆ ಮಾತ್ರ ಆಳ ಐತೆ, ಆಳ ಐತೆ ಅಂತ ಹೆದರಿಸ್ತಾಳೆ."

ಶೋಭಾರಾಣಿ ಕಾಫಿ ಲೋಟ ಕೆಳಗಿಟ್ಟರು. ನಗು ಸ್ವಲ್ಪ ಕಡಿಮೆಯಾಯಿತು.

"ಅನಿತ, ಒಂದು ಬೋಗುಣಿ ಕೊಡಮ್ಮ. ಒಂದು ಚೆಂಬು ನೀರು. ಅಕ್ಕ, ಮಗೂಗೆ ಮಾಡಿಸಿರೋ ಓಲೆ ಎಲ್ಲಿ? ಒಂದೇ ಒಂದು ಕೊಡು."

"ಚಿನ್ನದ್ದು ಕಣೇ! ನೀರಿಗೆ ಹಾಕ್ತೀಯಾ?"

"ನುಂಗಲ್ಲ, ಕೊಡು."

ಶೋಭಾರಾಣಿ ಒಂದು ಚೂರು ಮುದ್ದೆ ಮುರಿದು, ಅದರಿಂದ ಓಲೆಯನ್ನು ಖಾಲಿ ಬೋಗುಣಿಯ ತಳಕ್ಕೆ ಅಂಟಿಸಿದರು. ಭಾವನನ್ನು ಅದರ ಮುಂದೆ ಕೂರಿಸಿದರು.

"ಓಲೆ ಕಾಣ್ತಿದೆಯಾ?"

"ಕಾಣದೆ?"

"ಈಗ ಮೆಲ್ಲಗೆ ಹಿಂದಕ್ಕೆ ಸರೀರಿ. ಇನ್ನೂ ಸರೀರಿ. ಓಲೆ ಬೋಗುಣಿಯ ಅಂಚಿನ ಹಿಂದೆ ಮರೆ ಆದ ತಕ್ಷಣ ಹೇಳಿ."

"ಹಾಂ, ಹೋಯ್ತು."

"ಹಾಗೇ ಇರಿ. ಅಲ್ಲಾಡ್ಬೇಡಿ."

ಶೋಭಾರಾಣಿ ನಿಧಾನವಾಗಿ ನೀರು ಸುರಿಯತೊಡಗಿದರು. ಚನ್ನರಾಯಪ್ಪ ಕದಲದೆ ಕೂತಿದ್ದರು. ನೀರು ಏರುತ್ತಿದ್ದಂತೆ ಅಂಚಿನ ಮೇಲೆ ಚಿನ್ನ ಮಿನುಗಿತು. ಮೊದಲು ಒಂದು ಚೂರು, ಆಮೇಲೆ ಪೂರಾ ಓಲೆ.

"ಓರಿ ದೇವುಡಾ! ಎದ್ದು ಬಂತು!"

"ಎದ್ದಿಲ್ಲ ಭಾವ. ಮುದ್ದೆಗೆ ಅಂಟಿಕೊಂಡೇ ಇದೆ. ಮುಟ್ಟಿ ನೋಡಿ."

ಅವರು ಬೆರಳು ಹಾಕಿದರು. ಓಲೆ ಇದ್ದಲ್ಲೇ ಇತ್ತು. ಕದಿರಮ್ಮ, ಅನಿತ ಇಬ್ಬರೂ ಸರದಿಯ ಮೇಲೆ ಕೂತು ನೋಡಿದರು. ಕದಿರಮ್ಮನಂತೂ ಎರಡು ಸಲ ನೀರು ಚೆಲ್ಲಿಸಿ ಮತ್ತೆ ಸುರಿಸಿದರು.

"ಕಣ್ಕಟ್ಟು ಕಲಿಸ್ತೀಯೇನಮ್ಮಾ ಸ್ಕೂಲಲ್ಲಿ?" ಎಂದರು ಚನ್ನರಾಯಪ್ಪ.

"ಕಣ್ಕಟ್ಟಲ್ಲ ಭಾವ, ಬೆಳಕು. ಓಲೆಗೆ ಬಿದ್ದ ಬೆಳಕು ನಿಮ್ಮ ಕಣ್ಣಿಗೆ ಬಂದ್ರೆ ತಾನೇ ಓಲೆ ಕಾಣೋದು? ಬೆಳಕು ನೆಟ್ಟಗೆ ಹೋಗುತ್ತೆ. ಬೋಗುಣಿ ಖಾಲಿ ಇದ್ದಾಗ ನಿಮ್ಮ ಕಡೆ ಬರೋ ದಾರಿಗೆ ಅಂಚು ಅಡ್ಡ ಇತ್ತು. ಅದಕ್ಕೇ ಕಾಣ್ಲಿಲ್ಲ. ನೀರು ಹಾಕಿದ ಮೇಲೆ, ನೀರಿಂದ ಗಾಳಿಗೆ ದಾಟೋ ಜಾಗದಲ್ಲಿ ಬೆಳಕು ತಿರುಗ್ತು. ತಿರುಗಿ ನಿಮ್ಮ ಕಣ್ಣಿಗೆ ಬಂತು."

"ಯಾಕೆ ತಿರುಗ್ಬೇಕು ಅದು? ಕುಡಿದೈತಾ?"

"ಪವರ್ ಟಿಲ್ಲರನ್ನ ಉತ್ತ ಹೊಲದಿಂದ ಟಾರು ರಸ್ತೆಗೆ ಓರೆಯಾಗಿ ಹತ್ತಿಸಿದೀರಲ್ಲ, ಏನಾಗುತ್ತೆ?"

ಇದು ಚನ್ನರಾಯಪ್ಪನವರಿಗೆ ಗೊತ್ತಿದ್ದ ವಿಷಯ. "ಒಂದು ಚಕ್ರ ಮೊದ್ಲು ರೋಡಿಗೆ ಬತ್ತೈತೆ. ಅದು ಓಡ್ತದೆ. ಇನ್ನೊಂದು ಮಣ್ಣಲ್ಲೇ ಎಳೀತಿರ್ತದೆ. ಗಾಡಿ ತಿರುಗ್ತದೆ, ಹ್ಯಾಂಡಲ್ ಬಿಗಿಯಾಗಿ ಹಿಡೀಬೇಕು."

"ಬೆಳಕಿಗೂ ನೀರು ಅಂದ್ರೆ ಉತ್ತ ಹೊಲ ಇದ್ದಂಗೆ, ನಿಧಾನ ಹೋಗುತ್ತೆ. ಗಾಳಿ ಅಂದ್ರೆ ಟಾರು ರಸ್ತೆ. ಓರೆಯಾಗಿ ದಾಟಿದ್ರೆ ತಿರುಗುತ್ತೆ. ಆದ್ರೆ ಅದು ತಿರುಗಿದ್ದು ನಮ್ಮ ಕಣ್ಣಿಗೆ ಗೊತ್ತಾಗಲ್ಲ. ನೆಟ್ಟಗೇ ಬಂತು ಅಂದ್ಕೊಳ್ಳುತ್ತೆ. ಅದಕ್ಕೇ ಓಲೆ ಮೇಲೆ ಎದ್ದಂಗೆ ಕಂಡಿದ್ದು. ನಿಮ್ಮ ಹೊಂಡದ ತಳಾನೂ ಹಂಗೇ ಎದ್ದು ಕೂತಿದೆ ಭಾವ."

ಅನಿತ ಮಾವನ ಮುಖ ನೋಡಿದಳು. ಮಾವ ಮೀಸೆ ತಿರುವುತ್ತಿದ್ದರು.

"ಬೋಗುಣಿ ಬೇರೆ, ಹೊಂಡ ಬೇರೆ. ಬಾ ತೋಟಕ್ಕೆ. ನೀರು ನನ್ನ ಸೊಂಟ ದಾಟಿದ್ರೆ ಈ ಮೀಸೆ ಬೋಳಿಸ್ತೀನಿ."

"ಸಾಕು ಬಿಡಯ್ಯಾ," ಎಂದರು ಕದಿರಮ್ಮ. "ಕಾರ್ಯದ ಮನೇಲಿ ಬೋಳು ಮೀಸೆ ಇಟ್ಕೊಂಡು ಕೂರ್ತೀಯಾ?"

ಆದರೂ ಎಲ್ಲರಿಗಿಂತ ಮೊದಲು ಚಪ್ಪಲಿ ಮೆಟ್ಟಿದವರು ಅವರೇ.

ಹೊಂಡದ ಮೂರು ಬದಿ ಇಳಿಜಾರು, ಮೇಲೆ ನುಣ್ಣಗಿನ ಪ್ಲಾಸ್ಟಿಕ್. ಒಂದು ಬದಿಯಲ್ಲಿ ಮಾತ್ರ ಮೋಟರ್ ಇಡಲು ನೆಟ್ಟಗೆ ಗೋಡೆ ಕಟ್ಟಿ, ಹಿಡಿದುಕೊಳ್ಳಲು ಕಬ್ಬಿಣದ ಕಂಬಿ ಹಾಕಿದ್ದರು. ಅಲ್ಲಿ ನಿಂತರು. ನೀರು ತಿಳಿಯಾಗಿತ್ತು. ಮರಳಿನ ಚೀಲ ಕೈಗೆ ಸಿಗುವಷ್ಟು ಹತ್ತಿರ ಕಾಣುತ್ತಿತ್ತು. ಅನಿತಳಿಗೂ ಒಂದು ಕ್ಷಣ ಮಾವ ಹೇಳಿದ್ದೇ ನಿಜವೇನೋ ಅನ್ನಿಸಿತು.

ಚನ್ನರಾಯಪ್ಪ ಉದ್ದನೆಯ ಬಿದಿರು ಗಳವೊಂದನ್ನು ತಂದು ನಿಲ್ಲಿಸಿದರು. ತಮ್ಮ ಸೊಂಟದ ಎತ್ತರಕ್ಕೆ ಸರಿಯಾಗಿ ಗಳಕ್ಕೆ ಒಂದು ಕೆಂಪು ಬಟ್ಟೆ ಕಟ್ಟಿದರು.

"ಈ ಬಟ್ಟೆ ನೆನೆಯಲ್ಲ. ನೋಡ್ತಿರು."

ಕಂಬಿ ಹಿಡಿದು ಗಳವನ್ನು ಓರೆಯಾಗಿ ನೀರಿಗೆ ಇಳಿಸಿದರು. ಇಳಿಸಿದವರೇ ಕೂಗಿದರು.

"ಅಯ್ಯೋ, ಗಳ ಮುರೀತು!"

ನೀರಿನ ಅಂಚಿನಲ್ಲಿ ಗಳ ನಿಜಕ್ಕೂ ಮುರಿದಂತೆ ಸೊಟ್ಟಗಿತ್ತು. ಗಾಬರಿಯಲ್ಲಿ ಹೊರಗೆಳೆದರು. ಗಳ ಗಟ್ಟಿಮುಟ್ಟಾಗಿತ್ತು. ಮತ್ತೆ ಇಳಿಸಿದರು, ಮುರಿಯಿತು. ಎಳೆದರು, ಕೂಡಿಕೊಂಡಿತು.

ಕದಿರಮ್ಮ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. "ಹದ್ದಿನ ಕಣ್ಣಂತೆ, ಹದ್ದಿನ ಕಣ್ಣು!"

"ನಗ್ಬೇಡ ಅಕ್ಕ," ಎಂದರು ಶೋಭಾರಾಣಿ, ತಾವೂ ನಗುತ್ತಲೇ. "ಭಾವ, ಈಗ ಗಳಾನ ನೆಟ್ಟಗೆ ಹಿಡಿದು ಬಿಡಿ. ತಳ ಮುಟ್ಟೋ ತನಕ."

ಗಳ ಇಳಿಯಿತು. ಕೆಂಪು ಬಟ್ಟೆ ನೀರಿನ ಹತ್ತಿರ ಬಂತು. ನೆನೆಯಿತು. ಮುಳುಗಿತು. ಗಳ ಇನ್ನೂ ಇಳಿಯುತ್ತಲೇ ಇತ್ತು. ಚನ್ನರಾಯಪ್ಪ ಕೈ ಬದಲಿಸುತ್ತ ಹೋದರು. ಕೊನೆಗೆ ಗಳ ತಳಕ್ಕೆ ತಗುಲಿತು.

ಮೇಲೆತ್ತಿ ಗಳವನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡರು. ನೆನೆದ ಗುರುತು ಅವರ ಸೊಂಟದಲ್ಲಿರಲಿಲ್ಲ. ಎದೆಯಲ್ಲಿರಲಿಲ್ಲ. ಅವರು ತಲೆಯ ಮೇಲೆ ಕೈ ಎತ್ತಿದರು. ಗುರುತು ಬೆರಳ ತುದಿಯ ಹತ್ತಿರವಿತ್ತು.

ಕದಿರಮ್ಮ ಬಾಯಿಯಿಂದ ಸೆರಗು ತೆಗೆದರು.

"ದಿವ್ಯ ನನ್ನ ಎದೆ ತನಕಾನೂ ಬರಲ್ಲ," ಎಂದರು ಚನ್ನರಾಯಪ್ಪ. ಗಳವನ್ನು ಹಿಡಿದ ಕೈ ಸಡಿಲ ಮಾಡಲಿಲ್ಲ. "ಹಾರು ಅಂತಿದ್ದೆ ಕಣಮ್ಮಾ. ನಾಳೆ ಸಂಜೆ."

ಅನಿತ ಹತ್ತಿರ ಬಂದು ಮಾವನ ಕೈಯಿಂದ ಗಳ ತೆಗೆದುಕೊಂಡಳು.

"ನಾಳೆ ಇನ್ನೂ ಬಂದಿಲ್ಲ ಮಾವ."

ಚನ್ನರಾಯಪ್ಪ ನಾದಿನಿಯ ಕಡೆ ತಿರುಗಿದರು.

"ಹಂಗಾದ್ರೆ ಆ ಆಪರೇಷನ್ ದಂಡ. ಈ ಕಣ್ಣು ಸುಳ್ಳು ಹೇಳ್ತದೆ."

"ಕಣ್ಣಿಗೆ ಯಾಕೆ ಬೈತೀರಿ ಭಾವ? ನಿಮ್ಮ ಕಣ್ಣು ಸರಿಯಾಗೇ ಇದೆ. ಕಣ್ಣಿಗೆ ಬರೋ ಮೊದಲೇ ಬೆಳಕು ತಿರುಗಿರುತ್ತೆ. ನೇರ ಮೇಲಿಂದ ಬಗ್ಗಿ ನೋಡಿದ್ರೂ ನೀರಿನ ಆಳ ನಾಲ್ಕು ಪಾಲಿನಲ್ಲಿ ಮೂರು ಪಾಲೇ ಕಾಣೋದು. ದಂಡೆಯಿಂದ ಓರೆಯಾಗಿ ನೋಡಿದ್ರೆ ಇನ್ನೂ ಕಮ್ಮಿ. ನಂಗೂ ಹಂಗೇ ಕಾಣೋದು. ಇನ್ನೊಂದು ಕೇಳಿ. ನಿಮ್ಮ ಕಣ್ಣಲ್ಲಿ ಡಾಕ್ಟ್ರು ಒಂದು ಪುಟ್ಟ ಲೆನ್ಸ್ ಇಟ್ಟಿದಾರಲ್ಲ, ಅದು ಮಾಡೋದೂ ಇದೇ ಕೆಲಸ. ಬೆಳಕನ್ನ ತಿರುಗಿಸಿ, ಎಲ್ಲಿ ಬೀಳ್ಬೇಕೋ ಅಲ್ಲಿ ಬೀಳಿಸುತ್ತೆ. ಹೊಂಡದಲ್ಲಿ ನಿಮಗೆ ಮೋಸ ಮಾಡಿದ ಬೆಳಕೇ ಕಣ್ಣೊಳಗೆ ನಿಮಗೆ ಪಂಚಾಯಿತಿ ಬೋರ್ಡು ಓದಿಸ್ತಿರೋದು."

ಚನ್ನರಾಯಪ್ಪ ಯೋಚಿಸಿದರು. ಮುಖ ಮೆಲ್ಲಗೆ ಅರಳಿತು.

"ಅಂಗಾದ್ರೆ ಅದ್ರ ಮೇಲೆ ಸಿಟ್ಟು ಮಾಡ್ಕೊಳ್ಳೋಂಗಿಲ್ಲ ಅನ್ನು."

"ಬೇಡ. ಮೀಸೆ ಮೇಲೂ ಬೇಡ. ಮೀಸೆ ಇರಲಿ. ಅದರ ಬದಲು ನಾಳೆ ಸಂಜೆ ಒಳಗೆ ಬೇಲಿ ಆಗ್ಬೇಕು."

ಬೇಲಿಗೆ ಬೇಕಾದದ್ದು ತೋಟದಲ್ಲೇ ಇತ್ತು. ಟೊಮೇಟೊ ಗಿಡಕ್ಕೆ ಆಸರೆ ಕೊಟ್ಟು ಮುಗಿದಿದ್ದ ಕೋಲು, ತಂತಿ, ಶೆಡ್ಡಿನಲ್ಲಿ ಮಡಚಿಟ್ಟಿದ್ದ ಹಸಿರು ಬಲೆ. ಮೂಲೆಗಳಿಗೆ ನೀಲಗಿರಿ ಕಂಬ ಹೂಳಿದರು. ಕೋಲುಗಳನ್ನು ಹತ್ತಿರ ಹತ್ತಿರ ನೆಟ್ಟು ತಂತಿ ಬಿಗಿದರು, ಬಲೆ ಸುತ್ತಿದರು. ಕಾಯಂ ಬೇಲಿಗೆ ಕಬ್ಬಿಣದ ಜಾಲರಿ ಬೇಕೆಂದು ಮಾತಾಯಿತು. ಗಂಟು ಹಾಕಿದ ದಪ್ಪ ಹಗ್ಗವೊಂದನ್ನು ಕಂಬಕ್ಕೆ ಕಟ್ಟಿ ನೀರಿಗೆ ಇಳಿಬಿಟ್ಟರು. ಗಾಳಿ ತುಂಬಿದ ಟ್ಯೂಬು ಪಕ್ಕದಲ್ಲೇ ನೇತಾಡಿತು. ಗೇಟಿಗೆ ಬೀಗ ಹಾಕಿ, ಚನ್ನರಾಯಪ್ಪ ಬೀಗದ ಕೈಯನ್ನು ಸೊಸೆಯ ಕೈಗೆ ಕೊಟ್ಟರು.

ಮಾರನೇ ದಿನ ಸಂಜೆ ದಿವ್ಯ ಓಡಿ ಬಂದವಳು ಬೇಲಿ ನೋಡಿ ಮುಖ ಊದಿಸಿಕೊಂಡಳು.

"ತಾತ, ಮೋಸ! ಇಳಿಸ್ತೀನಿ ಅಂದಿದ್ದೆ."

"ಮೋಸ ನಂದಲ್ಲ ಕಣೇ, ಬೆಳಕಿಂದು. ಬಾ, ಬೋಗುಣಿ ತಾ. ತೋರಿಸ್ತೀನಿ."

ಕಾರ್ಯದ ದಿನ ಕುರುಡುಮಲೆಯಲ್ಲಿ ಮೇಘನ ಕಿವಿ ಚುಚ್ಚುವಾಗ ಕಲ್ಲು ಕಂಬಗಳು ಅದುರುವಂತೆ ಅತ್ತಳು. ತೋಟಕ್ಕೆ ಬಂದ ಮೇಲೆ ಅವಳ ಓಲೆಯನ್ನು ನೋಡಲು ಬಂದವರನ್ನೆಲ್ಲ ತಾತ ಹಿಡಿದು ಕೂರಿಸಿದರು. ಬೋಗುಣಿಯ ಆಟ ತೋರಿಸದೆ ಯಾರನ್ನೂ ಎಲೆಯ ಮುಂದೆ ಬಿಡಲಿಲ್ಲ. ಓಲೆ ಮಗುವಿನ ಕಿವಿಯಲ್ಲಿತ್ತು. ಅದರ ಬದಲು ಕದಿರಮ್ಮನ ಕಾಲುಂಗುರ ಬಂದಿತ್ತು.

"ಊಟ ಆರೋಗ್ತಾ ಐತೆ ಮಾವ," ಎಂದು ನೆಂಟರೊಬ್ಬರು ಗೊಣಗಿದರು.

"ಮೊದ್ಲು ನೋಡಯ್ಯಾ. ನಿನ್ನ ತೋಟದಲ್ಲೂ ಹೊಂಡ ಐತಲ್ಲ?"

ಮಕ್ಕಳಿಗೆ ಈಜು ಸಿಗಲಿಲ್ಲ. ಆದರೆ ಬೋರಿನ ಪೈಪು ಸಿಕ್ಕಿತು. ಚನ್ನರಾಯಪ್ಪನವರು ಸೂರ್ಯನಿಗೆ ಬೆನ್ನು ಹಾಕಿ ನಿಂತು, ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿ ನೀರು ಚಿಮ್ಮಿಸಿದರು. ಹನಿಗಳ ನಡುವೆ ಒಂದು ಪುಟ್ಟ ಕಾಮನಬಿಲ್ಲು ಮೂಡಿತು. ಮಕ್ಕಳು ಕಿರುಚುತ್ತ ಅದರೊಳಗೆ ನುಗ್ಗಿದರು. ದಿವ್ಯ ಎರಡೂ ಕೈಯಲ್ಲಿ ಹಿಡಿಯಲು ಹೋದಳು.

"ಶೋಭಾ! ಇದೂ ಬೆಳಕಿನ ಕೆಲಸಾನಾ?"

"ಹೌದು ಭಾವ. ಹನಿ ಒಳಗೆ ಹೋಗ್ತಾ ಬರ್ತಾ ತಿರುಗುತ್ತೆ. ಒಂದೊಂದು ಬಣ್ಣ ಒಂದೊಂದು ಅಳತೆಗೆ ತಿರುಗುತ್ತೆ. ಬಣ್ಣ ಎಲ್ಲ ಬೇರೆ ಬೇರೆ ಆಗುತ್ತೆ."

"ಇದನ್ನ ನಂಬಬೋದಾ?"

"ನಂಬೋದೇನು? ನೋಡಿ, ಖುಷಿ ಪಡಿ."

ಓದುತ್ತಿರುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ,

ಇವತ್ತೇ ಮನೆಯಲ್ಲಿ ಒಂದು ಬೋಗುಣಿ ಇಡಿ. ತಳದಲ್ಲಿ ಒಂದು ಅಂಗಿಯ ಗುಂಡಿಯನ್ನೋ ಉಂಗುರವನ್ನೋ ಅಂಟಿಸಿ ಮಕ್ಕಳಿಗೆ ತೋರಿಸಿ. ಅವರು ಬೆರಗಾಗಲಿ, ನಗಲಿ. ನೀರು ಯಾವಾಗಲೂ ಕಂಡದ್ದಕ್ಕಿಂತ ಆಳ ಎಂಬುದು ಅವರ ಮನಸ್ಸಿನಲ್ಲಿ ಉಳಿಯುತ್ತದೆ.

ಆಮೇಲೆ ತೋಟಕ್ಕೆ ಹೋಗಿ. ಹೊಂಡಕ್ಕೆ ಬೇಲಿ ಹಾಕಿ, ಹತ್ತಲು ಗಂಟಿನ ಹಗ್ಗ ಇಳಿಬಿಡಿ. ಒದ್ದೆ ಪ್ಲಾಸ್ಟಿಕ್ಕಿನ ಮೇಲೆ ಈಜು ಬರುವವರ ಕಾಲೂ ನಿಲ್ಲುವುದಿಲ್ಲ. ಯಾರಾದರೂ ಬಿದ್ದರೆ ಹಿಂದೆ ಹಾರಬೇಡಿ. ಕೂಗಿ ಜನ ಕರೆಯಿರಿ. ಹಗ್ಗ ಎಸೆಯಿರಿ, ಟ್ಯೂಬು ಎಸೆಯಿರಿ. ಏನೂ ಇಲ್ಲದಿದ್ದರೆ ಉಟ್ಟ ಸೀರೆಯನ್ನೇ ಬಿಚ್ಚಿ, ಒಂದು ತುದಿ ಹಿಡಿದುಕೊಂಡು ಎಸೆಯಿರಿ.

ಕೆಲವು ಹೊಂಡಗಳ ದಂಡೆಯಲ್ಲಿ ಒಂದು ಜೊತೆ ಚಪ್ಪಲಿ ಮಾತ್ರ ಉಳಿದಿರುತ್ತದೆ. ನಿಮ್ಮ ಮನೆಯವರ ಚಪ್ಪಲಿ ಸಂಜೆ ನಿಮ್ಮ ಬಾಗಿಲಿಗೇ ಬರಲಿ.

ಮುಂದಿನ ಬೆಳೆಗಲ್ಲ. ನಾಳೆ ಸಂಜೆಯೊಳಗೆ.