ಮೊದಲ ಪಂಕ್ತಿ

ಪರಪ್ಪನವರು ಮುಲುಂಡಿನ ಆ ಆಸ್ಪತ್ರೆಯ ಎರಡನೆಯ ಮಹಡಿಗೆ ಬಂದು ಒಂಬತ್ತು ದಿನವಾಗಿತ್ತು. ಸಕ್ಕರೆ ಕಾಯಿಲೆ, ಎಡಗಾಲಿನ ಹುಣ್ಣು ಮಾಯುತ್ತಿರಲಿಲ್ಲ. ಬೆಳಿಗ್ಗೆ ಹಣೆಗೆ ವಿಭೂತಿ ಹಚ್ಚಿ, ಮಂಚದ ಮೇಲೆಯೇ ಎಡ ಅಂಗೈಯಲ್ಲಿ ಲಿಂಗವನ್ನಿಟ್ಟುಕೊಂಡು ಅವರು ಕೂತರೆ, ಟ್ರಾಲಿ ತಳ್ಳುವವರು ಕೂಡ ಆ ಮಂಚದ ಹತ್ತಿರ ಬಂದಾಗ ಸದ್ದು ತಗ್ಗಿಸುತ್ತಿದ್ದರು. ಶಿವನಿಗೆ ಎಷ್ಟು ಜಾಗ ಬೇಕು? ಒಂದು ಅಂಗೈ ಸಾಕು. ಅವರನ್ನು ನೋಡಿದರೆ ಹಾಗನಿಸುತ್ತಿತ್ತು.

ವಿಜಯಪುರದ ಕಡೆಯವರು. ದಾದರ್ ಸ್ಟೇಷನ್ನಿನ ಹಿಂದಿನ ಓಣಿಯಲ್ಲಿ ಮೂವತ್ತೆಂಟು ವರ್ಷ ಖಾನಾವಳಿ ನಡೆಸಿದವರು. ಜೋಳದ ರೊಟ್ಟಿ, ಎಣಗಾಯಿ, ಝುಣಕ, ಶೇಂಗಾ ಚಟ್ನಿ. ಖಾನಾವಳಿ ಮುಚ್ಚಿ ಆರು ವರ್ಷವಾಗಿತ್ತು, ಎದುರಿಗೆ ಬಂದವರನ್ನು ಕೇಳುವ ಮೊದಲ ಮಾತು ಮಾತ್ರ ಬದಲಾಗಿರಲಿಲ್ಲ.

"ಊಟ ಆತೇನವ್ವಾ?"

"ಆತ್ರಿ ಅಜ್ಜಾ."

ಹೀಗೆ ಉತ್ತರ ಕೊಡುತ್ತಿದ್ದವಳು ನರ್ಸ್ ಸೌಮ್ಯಾ. ಮನೆತನ ಬೆಳಗಾವಿಯದು, ಹುಟ್ಟಿ ಬೆಳೆದದ್ದು ಇಲ್ಲೇ. ಅವಳ ಕನ್ನಡದಲ್ಲಿ ಅರ್ಧ ಹಿಂದಿ. ಆದರೆ ಈ ಒಂದು ಉತ್ತರವನ್ನು ಅವಳ ಅವ್ವ ಚಿಕ್ಕಂದಿನಲ್ಲೇ ಸರಿಯಾಗಿ ಕಲಿಸಿದ್ದಳು. ಹಿರಿಯರು ಊಟ ಆಯಿತೇ ಎಂದರೆ ಆಯಿತು ಅನ್ನಬೇಕು. ಇಲ್ಲ ಅಂದರೆ ಬಾಯಿಬಿಟ್ಟು ಊಟ ಕೇಳಿದ ಹಾಗೆ. ಹಸಿದಿದ್ದರೂ ಆಯಿತು ಅನ್ನುವುದೇ ಮರ್ಯಾದೆ.

ಅವಳು ಹಸಿದೇ ಇರುತ್ತಿದ್ದಳು. ಇಪ್ಪತ್ತೆರಡು ಮಂಚಗಳ ವಾರ್ಡಿಗೆ ಹಗಲು ಪಾಳಿಯಲ್ಲಿ ನಾಲ್ವರು ನರ್ಸುಗಳಿರಬೇಕು. ತಿಂಗಳುಗಳಿಂದ ಅವಳು ಮತ್ತು ಶೀತಲ್, ಇಬ್ಬರೇ. ಒಂದೂವರೆಯಿಂದ ಎರಡರವರೆಗೆ ಊಟದ ಬಿಡುವು ಅಂತ ಕಾಗದದ ಮೇಲಿತ್ತು. ಹೋದರೂ ಹೋಗದಿದ್ದರೂ ಆ ಅರ್ಧ ಗಂಟೆಯ ಪಗಾರ ಕಟ್ ಆಗುತ್ತಿತ್ತು. ಬಿಡುವಿನ ಬುಕ್ಕಿಗೆ ಸಂಜೆ ಸಹಿ ಹಾಕಲು ಯಾರಿಗೂ ಪುರಸೊತ್ತಿರುತ್ತಿರಲಿಲ್ಲ. ಹಾಗಾಗಿ ಬೆಳಿಗ್ಗೆ ಬಂದ ಕೂಡಲೇ, ಇನ್ನೂ ಉಣ್ಣದ ಊಟಕ್ಕೆ ಎಲ್ಲರೂ ಸಹಿ ಹಾಕಿಬಿಡುವುದು ಆ ವಾರ್ಡಿನ ರೂಢಿಯಾಗಿತ್ತು.

ಒಂಬತ್ತನೆಯ ದಿನ ಪರಪ್ಪನವರು ಅವಳ ಉತ್ತರವನ್ನು ಒಪ್ಪಲಿಲ್ಲ.

"ಉಣ್ಣವ್ರ ಮಾರಿ ನೋಡ್ಕೋತನ ಮುದುಕ ಆಗೀನಿ. ನೀ ಉಂಡಿಲ್ಲ."

"ಸಚ್ಚಿ ಆತ್ರಿ ಅಜ್ಜಾ."

"ಹಂಗಾರ ಪಲ್ಯಾ ಏನಿತ್ತು?"

"ಭೇಂಡಿ."

ನೆಲ ಒರೆಸುತ್ತಿದ್ದ ಅಂಬವ್ವ ತಲೆ ಎತ್ತಿದಳು. ಧಾರಾವಿಯಿಂದ ದಿನಾ ಬರುವ ವಾರ್ಡಿನ ಮೌಶಿ ಅವಳು. ನೆಲ, ತಟ್ಟೆ, ಹಾಸಿಗೆ ಎಲ್ಲ ಅವಳದೇ. "ನಿನ್ನೆನೂ ಭೇಂಡಿ, ಮೊನ್ನೆನೂ ಭೇಂಡಿ ಅಂದಾಳ್ರೀ. ಡಬ್ಬಿ ತಗದು ನೋಡಿದ್ರಲ್ಲ ಈಕಿಗೆ ಗೊತ್ತಾಗೂದು."

"ಮೌಶಿ, ನೀ ಚುಪ್ ಕೂಡು," ಎಂದಳು ಸೌಮ್ಯಾ. ನಗು ಬಂದೇಬಿಟ್ಟಿತು.

ಪರಪ್ಪನವರು ನಗಲಿಲ್ಲ. "ಕೇಳಿಲ್ಲೆ. ಖಾನಾವಳಿ ಸುರು ಮಾಡಿದ ವರ್ಷ, ಈರಣ್ಣ ಅಂತ ಬಡಿಸಾಂವ ಇದ್ದ. ಮಂದಿಗೆಲ್ಲಾ ಬಡಿಸಿ ಕಡೀಕ ಉಣ್ಣಾಂವ. ಒಂದಿನ ಗದ್ದಲ ಭಾಳ ಇತ್ತು. ಮೂರು ಗಂಟೆಕ್ಕ ಕುದಿಯೋ ಸಾರಿನ ಪಾತೇಲಿ ಹಿಡಕೊಂಡ ಕಣ್ಣಿಗೆ ಕತ್ತಲಿ ಬಂದು ಬಿದ್ದ. ಸಾರು ಅವನ ಕಾಲ ಮ್ಯಾಲ. ಅವತ್ತು ಶಿವ ನನ್ನ ಕೆನ್ನಿಗೆ ಹೊಡದಂಗಾತು. ಮರುದಿನದಿಂದ ಹನ್ನೊಂದಕ್ಕ ಅರ್ಧ ಶಟರ್ ಇಳಸ್ತಿದ್ದೆ. ಬಡಸವ್ರು, ರೊಟ್ಟಿ ಬಡಿಯವ್ರು, ಭಾಂಡೆ ತಿಕ್ಕವ್ರು ಎಲ್ಲಾ ಸಾಲಾಗಿ ಕೂಡವ್ರು. ನಾ ಬಡಸಾಂವ. ಗಿರಾಕಿ ಹೊರಗ ನಿಂತು ಬೈದ್ರೂ ಸೈ, ಮೊದಲ ಪಂಕ್ತಿ ಅವ್ರದ."

"ಇಲ್ಲಿ ಶಟರ್ ಇಲ್ಲಲ್ಲ ಅಜ್ಜಾ," ಎಂದು ಹೇಳಿ ಸೌಮ್ಯಾ ಮುಂದಿನ ಮಂಚಕ್ಕೆ ಓಡಿದಳು.

ಮರುದಿನ ಸೋಮವಾರ. ಒಂದು ಗಂಟೆಗೆ ಅವಳು ಪರಪ್ಪನವರ ಸಕ್ಕರೆ ನೋಡಿ ಇನ್ಸುಲಿನ್ ಚುಚ್ಚಿದಳು. "ಅರ್ಧ ಗಂಟೆ ಒಳಗ ಉಣ್ಣಬೇಕ್ರಿ, ಇಲ್ಲಂದ್ರ ಶುಗರ್ ಗಿರ್ ಜಾಯೇಗಾ, ಪೂರಾ ಇಳದ್ಬಿಡ್ತೈತಿ," ಎಂದು ದಿನದಂತೆ ಹೇಳಿದಳು. ಅಡುಗೆಮನೆಯಿಂದ ತಟ್ಟೆ ಬಂತು, ಸ್ಟೀಲಿನ ಮುಚ್ಚಳ ಮುಚ್ಚಿತ್ತು. ಅಷ್ಟರಲ್ಲಿ ಏಳನೆಯ ಮಂಚದವರ ಕೈ ಸಲೈನಿಗೆ ಊದಿಕೊಂಡಿತು. ಆಪರೇಷನ್ ಮುಗಿದ ಇನ್ನೊಬ್ಬರನ್ನು ಸ್ಟ್ರೆಚರಿನಲ್ಲಿ ತಂದರು. ಓಡಾಟದ ನಡುವೆ ಅವಳು ಪರಪ್ಪನವರ ಮಂಚದ ಕಾಲ ಬಳಿ ಒಂದು ಕ್ಷಣ ನಿಂತಳು.

"ಅಜ್ಜಾ, ಊಟ ಆತೇನ್ರಿ?"

"ಆತವ್ವಾ. ನೀ ಹೋಗು."

ಅವಳು ಚಾರ್ಟಿನಲ್ಲಿ ಬರೆದಳು: ಊಟವಾಗಿದೆ, ೧.೩೫. ಮುಚ್ಚಳ ಎತ್ತಿ ನೋಡಲಿಲ್ಲ.

ಎರಡೂ ಇಪ್ಪತ್ತಕ್ಕೆ ತಟ್ಟೆ ಒಯ್ಯಲು ಬಂದ ಅಂಬವ್ವನ ಕೈಗೆ ಅದು ಭಾರವಾಗಿ ಬಂತು. ಮುಚ್ಚಳ ತೆಗೆದಳು. ಎರಡು ಚಪಾತಿ, ದಾಲ್, ಪಲ್ಯ ಬಂದ ಹಾಗೆಯೇ ಇದ್ದವು. ಮುದುಕನ ಮುಖ ನೋಡಿದಳು. ಹಣೆಯ ಬೆವರಿಗೆ ವಿಭೂತಿ ಕರಗಿ ಹುಬ್ಬಿಗೆ ಇಳಿಯುತ್ತಿತ್ತು. ಕಣ್ಣು ಎಲ್ಲೋ ನೋಡುತ್ತಿತ್ತು.

"ಸೌಮ್ಯಾ, ಎಲ್ಲಾ ಬಿಟ್ಟು ಬಾ."

ಬೆರಳು ಚುಚ್ಚಿ ನೋಡಿದರೆ ಸಕ್ಕರೆ ನಲವತ್ತಾರು. ಸೌಮ್ಯಾ ಗ್ಲೂಕೋಸ್ ಪುಡಿ ಕಲಸಿದಳು. ಅಂಬವ್ವ ಮುದುಕನ ತಲೆಯನ್ನು ತನ್ನ ಎದೆಗೆ ಒರಗಿಸಿಕೊಂಡು, ಮಗುವಿಗೆ ಗುಟುಕು ಕೊಡುವ ಹಾಗೆ ಕುಡಿಸಿದಳು. ಓಡಿಬಂದ ಡಾಕ್ಟರು ನಾಡಿ ಹಿಡಿದು ನಿಂತರು. ಆ ಹದಿನೈದು ನಿಮಿಷ ಸೌಮ್ಯಾಳ ತುಟಿ ಅಲುಗುತ್ತಲೇ ಇತ್ತು. ಅವಳಿಗೆ ಗೊತ್ತಿದ್ದ ಒಂದೇ ಮಂತ್ರ ಶಿವನ ಹೆಸರು. ಮತ್ತೆ ಚುಚ್ಚಿದಾಗ ಎಂಬತ್ತೆಂಟು.

ಪರಪ್ಪನವರ ಕಣ್ಣು ನೆಲೆಗೆ ಬಂತು. ಅವಳನ್ನು ಗುರುತು ಹಿಡಿದರು.

"ಊಟ ಆತೇನವ್ವಾ?"

ಸೌಮ್ಯಾಳಿಗೆ ನಗುವೋ ಅಳುವೋ ತಿಳಿಯಲಿಲ್ಲ. "ನೀವ್ಯಾಕ ಸುಳ್ಳ ಹೇಳಿದ್ರಿ ಅಜ್ಜಾ?"

"ನೀ ಉಣ್ಣಾಕ ಕುಂತ ಮ್ಯಾಲ ಉಂಡ್ರಾತು ಅಂತ ಕಾದೆ. ಓಡಿ ಬಂದು ಕೇಳಿದಿ, ನಿನಗ ತ್ರಾಸ ಯಾಕಂತ ಆತು ಅಂದೆ." ಸ್ವಲ್ಪ ಸುಧಾರಿಸಿಕೊಂಡು ಸೇರಿಸಿದರು, "ನೀ ಒಂಬತ್ತ ದಿನಾ ಹೇಳಿದಿ. ನಾ ಒಂದ ದಿನ ಹೇಳೀನಿ. ನನಗ ಹಜಮ್ ಆಗಲಿಲ್ಲ."

ಸಂಜೆ ಐದಕ್ಕೆ ಆಡಳಿತದ ಮ್ಯಾನೇಜರ್ ಶಶಿಕಾಂತ ಅವಳನ್ನು ಕರೆಸಿದ. ಬೆಳಗಾವಿಯವನೇ, ಕೆಟ್ಟವನಲ್ಲ. ಕಾಂಟ್ರಾಕ್ಟಿನ ಮೇಲೆ ಎರಡು ವರ್ಷ ದುಡಿದ ಅವಳನ್ನು ಮುಂದಿನ ಒಂದನೇ ತಾರೀಕಿನಿಂದ ಪರ್ಮನೆಂಟ್ ಮಾಡುವ ಕಾಗದ ಅವನ ಟೇಬಲ್ಲಿನ ಮೇಲೆಯೇ ಇತ್ತು. ಅದರ ಪಕ್ಕದಲ್ಲಿ ಚಾರ್ಟು ಮತ್ತು ಬಿಡುವಿನ ಬುಕ್ಕು.

"ನೋಡವ್ವಾ. ಬುಕ್ಕಿನ್ಯಾಗ ಒಂದೂವರಿಯಿಂದ ಎರಡರತನಾ ನೀ ಊಟಕ್ಕ ಹೋಗಿ, ನಿನ್ನ ಸಹಿ ಐತಿ. ಚಾರ್ಟಿನ್ಯಾಗ ಒಂದು ಮೂವತ್ತೈದಕ್ಕ ಪೇಶಂಟ್ ಉಂಡಾರಂತ ನೀನ ಬರದಿ. ಎರಡೂ ಖರೆ ಆಗಾಕ ಬರಂಗಿಲ್ಲ."

ಅವನು ಒಂದು ಖಾಲಿ ಫಾರಮ್ಮನ್ನು ಅವಳ ಕಡೆಗೆ ಸರಿಸಿದ.

"ಒಂದು ಸಾಲು ಬರಿ. ನಾ ಬಿಡುವಿನ್ಯಾಗ ಇದ್ದೆ, ಉಂಡಾರಂತ ಮೌಶಿ ಹೇಳಿದ್ಲು, ಅದನ್ನ ಬರದೆ. ಮುಗೀತು. ನಿನ್ನ ಕಾಗದಾ ನಾಳೆ ಮ್ಯಾಲ ಕಳಸ್ತೀನಿ."

"ಮೌಶಿಗೆ ಏನ್ ಆಗ್ತೈತ್ರಿ ಸರ್?"

ಶಶಿಕಾಂತ ಪೆನ್ನು ತಿರುಗಿಸುತ್ತ ಕೂತ. "ಅಕೀನ ಕಳಿಸಿದ ಏಜೆನ್ಸಿಯವ್ರು ಬ್ಯಾರೆದವ್ರನ್ನ ಕಳಸ್ತಾರ."

ಆ ಫಾರಮ್ಮು ಹಿಡಿದು ಸೌಮ್ಯಾ ಹೊರಗೆ ಬಂದರೆ, ಮೆಟ್ಟಿಲ ಮೇಲೆ ಅಂಬವ್ವ ಕೂತಿದ್ದಳು. ಅವಳಿಗೆ ಎಲ್ಲ ತಿಳಿದಿತ್ತು. ಆಸ್ಪತ್ರೆಯಲ್ಲಿ ಗೋಡೆಗಿಂತ ಮೊದಲು ಮೌಶಿಯರಿಗೆ ಕೇಳಿಸುತ್ತದೆ.

"ಬರದು ಕೊಡವ್ವಾ. ನನಗೇನು, ಧಾರಾವಿ ಹತ್ರಾನ ಒಂದು ದವಾಖಾನಿ ಹುಡುಕ್ತೀನಿ. ಲೋಕಲ್‌ನ್ಯಾಗ ಜೋತಾಡೂದರ ತಪ್ಪತೈತಿ." ಸೆರಗಿನ ಕೆಳಗಿನಿಂದ ಒಂದು ಡಬ್ಬಿ ತೆಗೆದಳು. ಸೌಮ್ಯಾಳ ಲಾಕರಿನದು. "ಆದ್ರ ಮೊದಲ ಇದನ್ನ ಉಣ್ಣು. ಹಸದ ಹೊಟ್ಟಿಲೆ ಏನೂ ಬರೀಬ್ಯಾಡ. ಅಜ್ಜಾ ಹೇಳಿ ಕಳಿಸ್ಯಾನ."

"ವಾರ್ಡ್?"

"ಹಿರೇ ಸಿಸ್ಟರ್ ಶಿವಕುಮಾರಿ ಅವ್ರ ನಿಂತಾರ."

ಸೌಮ್ಯಾ ಮೆಟ್ಟಿಲ ಮೇಲೆ ಕೂತು ಡಬ್ಬಿ ತೆರೆದಳು. ಅಂಬವ್ವ ಬಗ್ಗಿ ನೋಡಿದಳು.

"ಅಯ್ಯ ಶಿವನ, ಖರೇನ ಭೇಂಡಿ ಐತಲ್ಲ."

ಇಬ್ಬರೂ ನಕ್ಕರು. ತಣ್ಣಗಾದ ಚಪಾತಿಯನ್ನು ಇಬ್ಬರೂ ಹಂಚಿಕೊಂಡರು. ಕೆಳಗೆ ರಸ್ತೆಯಲ್ಲಿ ರಿಕ್ಷಾಗಳು ಹಾರ್ನ್ ಹೊಡೆಯುತ್ತಿದ್ದವು. ಹೊಟ್ಟೆಗೆ ನಾಲ್ಕು ತುತ್ತು ಇಳಿದ ಮೇಲೆ ಸೌಮ್ಯಾಳ ಎದೆಯ ಬಡಿತ ನಿಧಾನವಾಯಿತು. ಇಷ್ಟು ಹೊತ್ತು ಭಯ ಅಂದುಕೊಂಡಿದ್ದರಲ್ಲಿ ಅರ್ಧ ಬರೀ ಹಸಿವಾಗಿತ್ತು. ಪಕ್ಕದಲ್ಲಿ ಕೂತವಳ ಬೆರಳುಗಳನ್ನು ನೋಡಿದಳು. ಫಿನಾಯಿಲಿಗೆ ಸುಕ್ಕಾದ ಆ ಬೆರಳುಗಳೇ ಮುಚ್ಚಳ ಎತ್ತಿ ನೋಡಿದ್ದವು. ಅವು ಎತ್ತದೇ ಹೋಗಿದ್ದರೆ?

ಕೈ ತೊಳೆದು ಬಂದು, ತೊಡೆಯ ಮೇಲೆ ಫಾರಮ್ಮಿಟ್ಟುಕೊಂಡು, ಇಂಗ್ಲಿಷಿನಲ್ಲಿ ಬರೆದಳು. ಒಂದೂವರೆಗೆ ನಾನು ಊಟಕ್ಕೆ ಹೋಗಿರಲಿಲ್ಲ, ವಾರ್ಡಿನಲ್ಲೇ ಇದ್ದೆ. ರೋಗಿ ಉಂಡದ್ದನ್ನು ಕಣ್ಣಾರೆ ನೋಡದೆ, ಅವರ ಮಾತು ಕೇಳಿ ಬರೆದೆ. ಅದು ನನ್ನ ತಪ್ಪು. ತಟ್ಟೆ ನೋಡಿ ನನ್ನನ್ನು ಕರೆದವರು ಅಂಬವ್ವ. ಬಿಡುವಿನ ಬುಕ್ಕಿನ ಸಹಿ ನಾನು ಬೆಳಿಗ್ಗೆಯೇ ಹಾಕಿದ್ದು, ಎರಡು ವರ್ಷದಿಂದ ಹಾಗೇ ಹಾಕುತ್ತಿದ್ದೇನೆ.

ಅಂಬವ್ವನಿಗೆ ಇಂಗ್ಲಿಷ್ ಬಾರದು. "ನನ್ನ ಹೆಸರು ಬರದೇನು?" ಎಂದಳು.

"ಬರದೀನಿ ಮೌಶಿ. ಅಚ್ಛಾ ಬರದೀನಿ."

ವಾರ್ಡಿನ ಹಿರಿಯ ಸಿಸ್ಟರ್ ಶಿವಕುಮಾರಿ ಮೈಸೂರಿನವರು, ಹೆಚ್ಚು ಮಾತಿನವರಲ್ಲ. ಕನ್ನಡಕ ಏರಿಸಿ ಎರಡು ಸಲ ಓದಿದರು.

"ಒಂದನೇ ತಾರೀಕು ನೆನಪಿದೆ ಅಲ್ವೇನಮ್ಮ?"

"ಐತ್ರಿ ಸಿಸ್ಟರ್."

ಅವರು ಪೆನ್ನು ತೆಗೆದು ಕೆಳಗೆ ಒಂದು ಸಾಲು ಸೇರಿಸಿದರು: ಆ ಬುಕ್ಕಿನಲ್ಲಿ ನನ್ನ ಸಹಿಗಳೂ ಬೆಳಿಗ್ಗೆಯವೇ. ಶೀತಲ್ ಬಂದು, ಯಾರೂ ಕೇಳದೆಯೇ, ತನ್ನ ಹೆಸರೂ ಹಾಕಿದಳು.

ಕಾಗದ ಓದಿದ ಶಶಿಕಾಂತ ಬಹಳ ಹೊತ್ತು ಬುಕ್ಕಿನ ಹಾಳೆ ತಿರುವುತ್ತಿದ್ದ. ಒಂದೇ ಶಾಯಿ, ಒಂದೇ ಹೊತ್ತು, ದಿನದಿನವೂ. "ಇದು ಮ್ಯಾಲ ಹೋಗ್ತೈತಿ ನೋಡು," ಎಂದ.

"ಹೋಗಲ್ರಿ ಸರ್."

ಹೋಯಿತು. ಸೌಮ್ಯಾ ಪರ್ಮನೆಂಟ್ ಆಗುವುದು ಮೂರು ತಿಂಗಳು ಮುಂದೆ ಬಿತ್ತು; ನೋಡದೆ ಬರೆದ ತಪ್ಪಿಗೆ. ಆ ಸಂಜೆ ಅವಳು ಸ್ವಲ್ಪ ಅತ್ತಳು. ಅಂಬವ್ವನ ಕೆಲಸ ಉಳಿಯಿತು. ಇನ್ನುಮುಂದೆ ಉಂಡು ಬಂದ ಮೇಲೆಯೇ ಸಹಿ, ಹೋಗಲಾಗದ ದಿನ ಆ ಅರ್ಧ ಗಂಟೆಯ ಪಗಾರ ಕೊಡುವುದು ಎಂದು ನೋಟಿಸು ಬಂತು. ಮೂರನೆಯ ನರ್ಸು ಬರುತ್ತಾಳೆ ಎಂದೂ ಹೇಳಿದರು. ಅವಳಿನ್ನೂ ಬಂದಿಲ್ಲ. ಅಲ್ಲಿಯವರೆಗೆ ಒಂದೂವರೆಯಾದರೆ ಶಿವಕುಮಾರಿಯವರೇ ಆಫೀಸು ಬಿಟ್ಟು ವಾರ್ಡಿಗೆ ಬಂದು, "ಹೋಗಮ್ಮ, ಎದ್ದೇಳು," ಎಂದು ಟ್ರಾಲಿ ಕಸಿದುಕೊಳ್ಳುತ್ತಾರೆ.

ಪರಪ್ಪನವರು ಮನೆಗೆ ಹೋಗುವ ದಿನದ ಮಧ್ಯಾಹ್ನ. ಇನ್ಸುಲಿನ್ ಆಗಿತ್ತು, ಮುಚ್ಚಿದ ತಟ್ಟೆ ಮುಂದೆ ಇತ್ತು. ವಾರ್ಡಿಗೆ ಹೊಂದಿಕೊಂಡ ಚಿಕ್ಕ ಕೋಣೆಯ ಬಾಗಿಲನ್ನು ಅಂಬವ್ವ ಪೂರ್ತಿ ತೆರೆದಿಟ್ಟಳು. ಒಳಗೆ ಸ್ಟೂಲಿನ ಮೇಲೆ ಸೌಮ್ಯಾ ಡಬ್ಬಿ ಬಿಚ್ಚಿ ಕೂತದ್ದು ಮಂಚಕ್ಕೆ ಕಾಣುತ್ತಿತ್ತು. ಮುದುಕ ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು, ಖಾನಾವಳಿಯ ಗಲ್ಲಾಪೆಟ್ಟಿಗೆಯ ಹಿಂದೆ ಕೂತವರ ಹಾಗೆ ನೋಡುತ್ತಿದ್ದರು.

"ಊಟ ಆತೇನವ್ವಾ?"

ಸೌಮ್ಯಾಳ ಬಾಯಿಗೆ ಅವ್ವ ಕಲಿಸಿದ ಉತ್ತರ ಬಂತು. ತುತ್ತಿನ ಜೊತೆ ಅದನ್ನು ನುಂಗಿದಳು.

"ಇನ್ನೂ ಇಲ್ರಿ ಅಜ್ಜಾ. ಈಗ ಕುಂತೀನಿ."

ಪರಪ್ಪನವರು ತಮ್ಮ ತಟ್ಟೆಯ ಮುಚ್ಚಳ ತೆಗೆದರು.