ತಿಳಿಯಾದ ಬಾವಿ

ಈ ಕಥೆಯನ್ನು ಮೊದಲು ಹೇಳಿದವಳು ಬಾವಿಬೀದಿಯ ಸೂಲಗಿತ್ತಿ. ಬೀದಿಗೆ ನಲ್ಲಿ ಬಂದ ವರ್ಷ, ತನ್ನ ಮನೆಯ ಜಗುಲಿಯಲ್ಲಿ. ನಾನು ಕೇಳಿದ್ದು ಆಕೆಯ ಸೊಸೆಯ ಬಾಯಿಂದ, ಅದೇ ಜಗುಲಿಯಲ್ಲಿ, ನೆರೆಯವರೊಡನೆ ಕುಳಿತು.

ಬೀದಿಯ ಹಿಂದೆ ಬಣ್ಣದ ಕಾರ್ಖಾನೆಯಿತ್ತು. ಅದರ ಕೊಳೆನೀರು ಇಂಗಿ ಇಂಗಿ ಬಾವಿ ಸೇರಿತು. ಸೀರೆ ಅದ್ದಿದರೆ ಬಣ್ಣದ ಖರ್ಚು ಉಳಿಯುತ್ತದೆಂದು ಹೆಂಗಸರು ಮೊದಮೊದಲು ನಕ್ಕರು. ಮಕ್ಕಳಿಗೆ ವಾಂತಿ ಹಿಡಿದ ಮೇಲೆ ನಗು ನಿಂತಿತು. ದೂರದ ಕೆರೆಯಿಂದ ನೀರು ಹೊರುತ್ತಲೇ ಬೀದಿಯವರು ದಾವೆ ಹೂಡಿದರು.

ನ್ಯಾಯಾಧೀಶರು ಬಾವಿಯನ್ನು ಸ್ವತಃ ನೋಡಲು ಬರುತ್ತಾರೆಂದು ಗೊತ್ತಾಯಿತು. ಹಿಂದಿನ ದಿನ ಕಾರ್ಖಾನೆಯ ಯಜಮಾನ ತನ್ನ ಹಳೆಯ ಬಣ್ಣಗಾರನನ್ನು ಕರೆದು ಬಾವಿಯನ್ನು ಸ್ವಲ್ಪ ನೋಡಿಕೋ ಎಂದ. ಎಲ್ಲರೂ ನೀಲಿಕೈ ಎಂದು ಕರೆಯುತ್ತಿದ್ದ ಆತ ಅದೇ ಬೀದಿಯವನು. ಬೇರೆಡೆ ಕಥೆ ಹೇಳುವವರು ಯಜಮಾನ ಆತನನ್ನು ಬೆದರಿಸಿದನೆನ್ನುತ್ತಾರೆ. ಸೂಲಗಿತ್ತಿ ಅದನ್ನು ಒಪ್ಪುತ್ತಿರಲಿಲ್ಲ. ಬಣ್ಣ ಕಲಸುವ ಮುನ್ನ ನೀರು ತಿಳಿಯಾಗಲೆಂದು ಪಟಿಕ ಹಾಕುವುದು ಅವನ ಕಸುಬು, ಬಾವಿಗೂ ಹಾಕಿದ. ರಾಡಿ ತಳಕ್ಕಿಳಿಯಿತು. ತನ್ನ ಕೈಗುಣಕ್ಕೆ ತಾನೇ ಹಿಗ್ಗಿದನಂತೆ.

ಮರುದಿನ ನ್ಯಾಯಾಧೀಶರು ಬಾವಿಯೊಳಗೆ ಬಗ್ಗಿ ನೋಡಿ, ನೀರು ತಿಳಿಯಾಗಿದೆಯಲ್ಲವೇ ಎಂದು, ಬೀದಿಯವನೇ ಎಂಬ ಕಾರಣಕ್ಕೆ, ನೀಲಿಕೈಯನ್ನೇ ಕೇಳಿದರು. ತಿಳಿಯಾಗಿದೆ ಎಂದ. ಅದು ಸುಳ್ಳಲ್ಲ. ದಾವೆ ಬಿದ್ದುಹೋಯಿತು.

ತೀರ್ಪು ಬಂದ ಮರುದಿನ ಸಂಜೆ ಅವನು ತಂಗಿಯ ಮನೆಗೆ ಹೋದಾಗ ಅವಳು ಮಗುವಿಗೆ ನೀರು ಕುಡಿಸುತ್ತಿದ್ದಳು. ಯಾವ ನೀರೆಂದು ಕೇಳಿದ.

"ಬಾವೀದೇ. ಇನ್ನೂ ಕೆರೆಯಿಂದ ಹೊತ್ತು ಸಾಯಬೇಕಾ? ತಿಳಿಯಾಗಿದೆ ಅಂತ ನೀನೇ ಹೇಳಿದೆಯಲ್ಲ, ಅಣ್ಣ."

"ತಿಳಿ ಮಾಡಿದ್ದೇ ನಾನು ಕಣಮ್ಮ. ಪಟಿಕ ಹಾಕಿದೆ. ರಾಡಿ ಅಷ್ಟೇ ಕೆಳಗೆ ಹೋಗಿದ್ದು. ವಿಷ ಹಾಗೇ ಇದೆ."

ಅವಳು ಲೋಟ ಕೆಳಗಿಟ್ಟು, "ನಿನ್ನೆಯಿಂದ ಇದನ್ನೇ ಕುಡಿಸ್ತಾ ಇದ್ದೀನಿ," ಎಂದಳು.

ಅವನು ಅಲ್ಲಿಂದಲೇ ನ್ಯಾಯಾಧೀಶರ ಮನೆಗೆ ಓಡಿ ಎಲ್ಲವನ್ನೂ ಹೇಳಿದ. ದಾವೆ ಮತ್ತೆ ನಡೆಯಿತು, ಬೀದಿ ಗೆದ್ದಿತು, ಬಾವಿಯನ್ನು ಮುಚ್ಚಿಸಿದರು. ತೀರ್ಪು ಕೇಳಲು ಮಗು ಮಾತ್ರ ಉಳಿದಿರಲಿಲ್ಲ. ತಂಗಿ ಅಣ್ಣನಿಗೆ ಬಾಗಿಲು ಹಾಕಲಿಲ್ಲ. ಬಂದರೆ ಊಟ ಬಡಿಸುತ್ತಿದ್ದಳು. ನೀರನ್ನು ಮಾತ್ರ ಅವನೇ ಬಗ್ಗಿಸಿಕೊಳ್ಳಬೇಕಿತ್ತು. ಬಗ್ಗಿಸಿಕೊಳ್ಳದೆ, ಬಾಯಾರಿಯೇ ಎದ್ದುಹೋಗುತ್ತಿದ್ದ.

ತಂಗಿ ಅವನನ್ನು ಕ್ಷಮಿಸಿದಳೇ ಎಂದು ಜಗುಲಿಯಲ್ಲಿ ಯಾರೋ ಕೇಳಿದರು. ತನ್ನ ಅತ್ತೆ ಕಥೆಯನ್ನು ಇಲ್ಲಿಗೇ ನಿಲ್ಲಿಸುತ್ತಿದ್ದಳು ಎಂದಳು ಸೊಸೆ. ಕೇಳಿದವರು ಎದ್ದು, ಚಪ್ಪಲಿ ಮೆಟ್ಟಿ ಮನೆಗಳಿಗೆ ಹೋದರು.