ಹಳದಿ ಮಣ್ಣಿನ ನೆಲ

“ಎತ್ತಿಗಾದ್ರೆ ಮೂಗುದಾರ ಹಾಕಕ್ಕೆ ತೂತು ಕೊರೀಬೇಕು. ಈವಮ್ಮಂಗೆ ಆ ಖರ್ಚೂ ಇಲ್ಲ ಕಣ್ರಲಾ,” ಎಂದ ಚಿದಂಬರ. “ಏ ಮಾದಿ, ಮೂತಿ ಎತ್ತೇ. ಹೊಸಬ್ರು ನೋಡ್ಲಿ.”

ಅಂದೇ ಕೆಲಸಕ್ಕೆ ಸೇರಿದ್ದ ಇಬ್ಬರು ಗಂಡಸರು ನಕ್ಕರು. ಮಾದಮ್ಮ ಮುಖವೆತ್ತಲಿಲ್ಲ. ಬೋಲ್ಟು ತುಂಬಿದ ತಂತಿಬುಟ್ಟಿಯನ್ನು ಹಳದಿ ತೊಟ್ಟಿಯಲ್ಲಿ ಅದ್ದಿ, ಮನಸ್ಸಿನಲ್ಲೇ ಮೂವತ್ತರವರೆಗೆ ಎಣಿಸಿ, ಎತ್ತಿ ನೀರಿನ ತೊಟ್ಟಿಗೆ ಇಳಿಸಿದಳು. ಒಂಬತ್ತು ವರ್ಷ ಆ ತೊಟ್ಟಿಯ ಆವಿ ಕುಡಿದು ಅವಳ ಮೂಗಿನ ನಡುಗೋಡೆ ತೂತುಬಿದ್ದಿತ್ತು. ಬೆರಳ ಗೆಣ್ಣುಗಳ ಮೇಲೆ ಒಂದೊಂದು ಕಾಳುಮೆಣಸು ಕೂರುವಷ್ಟು ದುಂಡನೆಯ ಕುಳಿಗಳಿದ್ದವು. ಅವು ನೋಯುತ್ತಿರಲಿಲ್ಲ, ಮಾಯುತ್ತಲೂ ಇರಲಿಲ್ಲ. ಕಾರ್ಖಾನೆಯಲ್ಲಿ ಅವಕ್ಕೆ ಕೆಲಸದ ಹುಣ್ಣು ಎಂಬ ಹೆಸರಿತ್ತು.

ಬಾಣಾವರದಿಂದ ಎರಡು ಮೈಲಿ ದೂರದಲ್ಲಿ, ರೈಲುಹಳಿಯ ಮಗ್ಗುಲಲ್ಲಿ ಷಡಕ್ಷರಪ್ಪನವರ ಕಾರ್ಖಾನೆಯಿತ್ತು. ಬೋಲ್ಟುಗಳಿಗೆ ತುಕ್ಕು ಹಿಡಿಯದಂತೆ ಸತುವಿನ ಲೇಪ ಕೊಟ್ಟು, ಮೇಲೆ ಚಿನ್ನದಂಥ ಹಳದಿ ಹೊಳಪೇರಿಸಿ ಬೆಂಗಳೂರಿನ ದೊಡ್ಡ ಕಂಪನಿಯೊಂದಕ್ಕೆ ಕಳಿಸುವುದು ಅಲ್ಲಿಯ ಕೆಲಸ. ಚಿದಂಬರ ಅವರ ಅಕ್ಕನ ಮಗ, ಮೇಲ್ವಿಚಾರಕ.

“ನಾಳೆ ಕಂಪನಿ ಮೇಡಮ್ಮು ಬತ್ತಾರೆ,” ಎಂದು ಅವನು ಎಲ್ಲರಿಗೂ ಕೇಳುವಂತೆ ಹೇಳಿದ. “ವಿಷದ ಕಸ ಎಷ್ಟು ಕಮ್ಮಿ ಮಾಡಿದೀವಿ ಅಂತ ನೋಡಕ್ಕೆ. ಬೆಳಿಗ್ಗೆ ಕೈಗವಸು ಕೊಡ್ತೀನಿ, ಸಾಯಂಕಾಲ ವಾಪ್ಸು. ಯಾವಳಾದ್ರೂ ಹರಿದ್ರೆ ಅವರಪ್ಪ ತಂದ್ಕೊಡಲ್ಲ.”

ತೊಟ್ಟಿಯ ಹಳಸಿದ ನೀರನ್ನು ಹೊರಗೆ ಬಿಡುವಂತಿರಲಿಲ್ಲ. ಅದಕ್ಕೆ ಆಸಿಡ್ಡಿನ ಜೊತೆ ಬಿಳಿ ಪುಡಿ ಹಾಕಿ, ಹಳದಿ ಹೋಗಿ ಹಸಿರು ಬರುವ ತನಕ ಕಲಕಬೇಕು. ಆಮೇಲೆ ಸುಣ್ಣ ಹಾಕಿ ಗಸಿ ಇಳಿಸಿ, ಆ ಗಸಿಯನ್ನು ಲಾರಿಯಲ್ಲಿ ದೂರದ ವಿಷದ ಗುಂಡಿಗೆ ಕಳಿಸಬೇಕು. “ಹಳದಿ ಇದ್ರೆ ಜೀವಂತ ಐತೆ, ಹಸ್ರಾದ್ರೆ ಸತ್ತೈತೆ,” ಎಂದು ಮೊದಲ ವರ್ಷ ಕೆಲಸ ಕಲಿಸಿದ ಮುದಿ ಮೇಸ್ತ್ರಿ ಹೇಳಿಕೊಟ್ಟಿದ್ದ. ಮೇಸ್ತ್ರಿ ಕೆಲಸ ಬಿಟ್ಟ ಮೇಲೆ ಪುಡಿಯೂ ನಿಂತಿತು, ಲಾರಿಯೂ ನಿಂತಿತು. ಬರೀ ಸುಣ್ಣ ಹಾಕಿ ಇಳಿಸಿದ ಗಸಿ ಅಂಗಳದಲ್ಲಿ ಒಣಗಿ, ಕಲ್ಲಿಲ್ಲದ, ಜರಡಿ ಹಿಡಿದಂಥ ಹಳದಿ ಮಣ್ಣಾಯಿತು. ಪುಡಿಯ ಆರು ಚೀಲಗಳು ಮಾತ್ರ ಹೊಲಿಗೆ ಬಿಚ್ಚದೆ ತೊಟ್ಟಿಯ ಪಕ್ಕ ಕೂತಿದ್ದವು. ಯಾರಾದರೂ ನೋಡಲು ಬರುವ ದಿನ ಅವುಗಳ ಧೂಳು ಕೊಡವುತ್ತಿದ್ದರು.

ಆ ಮಣ್ಣು ಹೋದದ್ದು ಮಾದಮ್ಮನಂಥ ಕೆಲಸದವರ ಕಾಲೋನಿಗೆ. ಹನ್ನೆರಡು ಮನೆಗಳು ಷಡಕ್ಷರಪ್ಪನವರ ತೋಟದ ಅಂಚಿನಲ್ಲಿದ್ದವು. ಕಟ್ಟಿಕೊಳ್ಳಿ ಎಂದು ಬಾಯಲ್ಲಿ ಹೇಳಿದ್ದರು, ಕಾಗದ ಕೊಟ್ಟಿರಲಿಲ್ಲ. ತಳಪಾಯಕ್ಕೆ ಟ್ರಾಕ್ಟರಿನಲ್ಲಿ ಹಳದಿ ಮಣ್ಣನ್ನೂ ಅವರೇ ಕಳಿಸಿದರು. ಹೆಂಗಸರು ಅದನ್ನು ಸಗಣಿಯೊಡನೆ ಕಲಸಿ ನೆಲ ಸಾರಿಸಿದರು. ಹಬ್ಬ ಬಂದಾಗ ಕೆಮ್ಮಣ್ಣಿನ ಬದಲು ಅದರಿಂದಲೇ ಗೋಡೆಯ ಬುಡಕ್ಕೆ ಕಾರಣೆ ಎಳೆದರು. ಆ ಮನೆಗಳಿಗೆ ಇರುವೆ ಬರಲಿಲ್ಲ, ಗೆದ್ದಲು ಹತ್ತಲಿಲ್ಲ. “ಲಕ್ಷ್ಮಿ ಮಣ್ಣು ಕಣ್ರೇ,” ಎಂದು ಪಕ್ಕದ ಮನೆಯ ಗಿಡ್ಡಮ್ಮ ಬಂದ ನೆಂಟರಿಗೆಲ್ಲ ಒಂದೊಂದು ಬುಟ್ಟಿ ಹೊರಿಸಿ ಕಳಿಸಿದಳು.

ಆ ಸಂಜೆ ಮಾದಮ್ಮ ಮನೆಗೆ ಬಂದಾಗ ಮಗಳು ಹೇಮಾಶ್ರೀ ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡು ಮೊಣಕಾಲಿಗೆ ಮುಲಾಮು ಸವರುತ್ತಿದ್ದಳು. ಕೂಸು ಸಿರಿಗೆ ಹತ್ತು ತಿಂಗಳು.

“ಅರಸೀಕೆರೆ ಡಾಕ್ಟ್ರು ಏನಂದ್ರೇ?”

“ಮಗೀನ ಕಾರ್ಖಾನೆಗೆ ಕರ್ಕಂಡೋಗ್ತೀರಾ ಅಂದ್ರು. ಇಲ್ಲ ಸಾ, ಹೊಸ್ಲೇ ದಾಟಿಲ್ಲ ಅಂದೆ. ಹಂಗಾರೆ ಇದೆಲ್ಲಿಂದ ಬಂತು ಅಂತ ನನ್ನೇ ಕೇಳ್ತಾರೆ ಕಣವ್ವ.”

ಮಾದಮ್ಮ ದೀಪದ ಗುಂಡಿ ಒತ್ತಿ ಬಳಿಗೆ ಕೂತಳು. ಎರಡೂ ಮೊಣಕಾಲಿನಲ್ಲಿ, ಎಡ ಅಂಗೈಯಲ್ಲಿ, ಹುಣ್ಣು. ತನ್ನ ಕೈಯನ್ನು ಕೂಸಿನ ಮೊಣಕಾಲಿನ ಪಕ್ಕ ಇಟ್ಟಳು. ಅದೇ ದುಂಡು, ಅದೇ ಎದ್ದ ಅಂಚು, ನಡುವೆ ಅದೇ ಕುಳಿ. ಅಳತೆ ಮಾತ್ರ ಚಿಕ್ಕದು, ಸಾಸಿವೆ ಕೂರುವಷ್ಟು. ಅವಳು ನೆಲವನ್ನು ನೋಡಿದಳು. ಅಂಬೆಗಾಲಿನ ಉಜ್ಜುಗುರುತು ಒಲೆಯಿಂದ ಬಾಗಿಲ ತನಕ ನುಣ್ಣಗೆ ಹೊಳೆಯುತ್ತಿತ್ತು.

“ಇರುವೆ ಯಾಕೆ ಬರಲ್ಲ ಅಂತ ಒಂದಿನಾನಾದ್ರೂ ಕೇಳಿದ್ವೇನೇ ನಾವು,” ಎಂದಳು.

ಸೀರೆಯ ಜೋಳಿಗೆ ಕಟ್ಟಿ ಕೂಸನ್ನು ಅದರಲ್ಲಿ ಮಲಗಿಸಿದರು. ಕೂಸು ನೆಲಕ್ಕೆ ಇಳಿಸೆಂದು ಕಾಲು ಬಡಿದು ಅತ್ತಿತು.

ಬೆಳಿಗ್ಗೆ ಹನ್ನೆರಡು ಮನೆಯವರನ್ನೂ ಆಫೀಸಿನ ಬಾಗಿಲಿಗೆ ಕರೆಸಿದರು. ಒಳಗೆ ಷಡಕ್ಷರಪ್ಪ ಮಠದ ಗುರುಗಳ ಪಟಕ್ಕೆ ಊದುಬತ್ತಿ ಬೆಳಗಿ, ವಿಭೂತಿ ಒತ್ತಿಕೊಂಡು ಕೂತರು. ಚಿದಂಬರ ಶಾಯಿಯ ಡಬ್ಬಿಯನ್ನೂ ಕಾಗದವನ್ನೂ ಹೊಸ್ತಿಲ ಆಚೆ ನೆಲದ ಮೇಲಿಟ್ಟು ಕಾಲಿನಿಂದ ತುಸು ಮುಂದೆ ತಳ್ಳಿದ.

“ಓದಕ್ಕೆ ಬರಲ್ಲ ಬುದ್ದಿ. ನೀವು ಒಳ್ಳೇದೇ ಬರ್ಸಿರ್ತೀರಿ,” ಎಂದು ಗಿಡ್ಡಮ್ಮ ಬಗ್ಗಿ ಹೆಬ್ಬೆಟ್ಟು ಒತ್ತಿದಳು. ಉಳಿದವರೂ ಒತ್ತಿದರು. ಏಳನೇ ಕ್ಲಾಸಿನವರೆಗೆ ಓದಿದ್ದ ಮಾದಮ್ಮ ಕಾಗದವನ್ನು ಎತ್ತಿ ಹಿಡಿದಳು.

“‘ನಮ್ಮ ಕೋರಿಕೆಯ ಮೇರೆಗೆ, ನಮ್ಮ ಸ್ವಂತ ಉಪಯೋಗಕ್ಕಾಗಿ ಕಾರ್ಖಾನೆಯ ಮಣ್ಣನ್ನು ಪಡೆದಿರುತ್ತೇವೆ...’ ನಾವು ಯಾವಾಗ ಕೇಳಿದ್ವಿ ಬುದ್ದಿ?”

“ಕೇಳ್ದೇ ಕೊಟ್ಟಿದ್ದು ನನ್ನ ತಪ್ಪಾಯ್ತು ನೋಡಮ್ಮ,” ಎಂದರು ಷಡಕ್ಷರಪ್ಪ, ನಗುತ್ತಲೇ.

“ಮೊಮ್ಮಗಳಿಗೆ ಹುಣ್ಣಾಗೈತೆ, ನನ್ನ ಕೈಯಾಗಿರೋ ಹುಣ್ಣೇ. ನೆಲ ಅಗ್ಸಿ ಆ ಮಣ್ಣು ವಾಪ್ಸು ತಗಳಿ, ಬಿಳೀ ಪುಡಿ ಹಾಕ್ಸಿ ಸಾಯ್ಸಿ. ಆಮೇಲೆ ಕಾಗ್ದ ಕೊಡಿ, ಹತ್ತು ಬೆಟ್ಟೂ ಒತ್ತೀನಿ.”

“ನಿಮ್ಮ ಕೇರಿ ಮಕ್ಕಳಿಗೆ ಹುಣ್ಣು ಇವತ್ತು ಹೊಸದಾ? ಮೊದ್ಲು ಮೈ ತೊಳೀರಿ.” ಅವರು ಕನ್ನಡಕ ಒರೆಸಿಕೊಂಡರು. “ಜಾಗ ಯಾರ್ದು ಮಾದಮ್ಮ?”

ಅವಳು ಕಾಗದವನ್ನು ಹೊಸ್ತಿಲ ಮೇಲೆ ಇಟ್ಟಳು.

“ಬಾಯಿಬಿಟ್ಟು ಹೇಳು. ಎಲ್ರೂ ಕೇಳ್ಲಿ.”

“ನಿಮ್ದು ಬುದ್ದಿ.”

“ಹಾಂ. ಸಾಯಂಕಾಲದ ತನಕ ಯೋಚ್ನೆ ಮಾಡು.”

ಹನ್ನೊಂದು ಗಂಟೆಗೆ ಕಂಪನಿಯ ಕಾರು ಬಂತು. ಇಳಿದಾಕೆ ಶಿಲ್ಪಶ್ರೀ ಎಂಬ ಎಂಜಿನಿಯರು. ತಲೆಗೆ ಬಿಳಿ ಹೆಲ್ಮೆಟ್ಟು, ಕೈಯಲ್ಲಿ ಪರೀಕ್ಷೆಯ ಪಟ್ಟಿ. ಚಿದಂಬರ ಒಂದು ಪುಡಿಚೀಲದ ಬಾಯಿ ಬಿಚ್ಚಿ, ದಿನವೂ ಬಳಸುವಂತೆ ಅದರಲ್ಲೊಂದು ಸೌಟು ನೆಟ್ಟಿದ್ದ. ಮಾದಮ್ಮ ಹೊಸ ಕೈಗವಸು ತೊಟ್ಟು ತನ್ನ ಜಾಗದಲ್ಲಿ ನಿಂತಿದ್ದಳು.

“ಗಸಿ ಎಲ್ಲಿಗೆ ಹೋಗತ್ತೆ?” ಎಂದು ಆಕೆ ಕೇಳಿದಳು.

“ಪೂರ್ತಿ ಮರುಬಳಕೆ ಮೇಡಂ,” ಎಂದರು ಷಡಕ್ಷರಪ್ಪ. “ಒಂದು ಹಿಡಿ ಕೂಡ ಎಸೆಯಲ್ಲ.”

“ಮೇಡಮ್ಮೋರೆ, ಒಂದ್ನಿಮಿಷ ಇಲ್ಲಿ ನೋಡಿ,” ಎಂದಳು ಮಾದಮ್ಮ.

ಸೆರಗಿನ ಗಂಟು ಬಿಚ್ಚಿ, ಬೆಳಿಗ್ಗೆ ಒಲೆಯ ಪಕ್ಕದಿಂದ ಕಿತ್ತು ತಂದಿದ್ದ ಹೆಂಟೆಯನ್ನು ಪ್ಲಾಸ್ಟಿಕ್ ಮಗ್ಗಿಗೆ ಹಾಕಿದಳು. ಅದರ ಮೇಲೆ ಆಸಿಡ್ ನೀರು ಹೊಯ್ದಳು. ಹೆಂಟೆ ನೊರೆಯೆದ್ದು ಕರಗಿ, ನೀರು ಕಿತ್ತಳೆ ಮಿಶ್ರಿತ ಹಳದಿಗೆ ತಿರುಗಿತು. ಚಿದಂಬರ ಗುಂಪನ್ನು ದಾಟಿ ಬರುವಷ್ಟರಲ್ಲಿ ಅವಳು ಒಂದು ಸೌಟು ಬಿಳಿ ಪುಡಿ ಸುರಿದು ಕಲಕಿಯಾಗಿತ್ತು. ಬೆಂಕಿಕಡ್ಡಿ ಗೀರಿದಂಥ ಘಾಟು ಮೇಲೆದ್ದಿತು. ಮಗ್ಗಿನೊಳಗೆ ಹಳದಿ ಹೋಗಿ ಪಾಚಿಯ ಹಸಿರು ಬಂತು.

“ಇದು ನಮ್ಮನೆ ನೆಲ,” ಎಂದಳು. “ಇದ್ರ ಮ್ಯಾಲೆ ನನ್ನ ಮೊಮ್ಮಗಳು ಅಂಬೆಗಾಲಿಡ್ತಾಳೆ. ಮೊದ್ಲೇ ಸತ್ತಿದ್ರೆ ಈಗ್ಯಾಕೆ ಬಣ್ಣ ತಿರುಗ್ತಿತ್ತು?”

“ಬೇವರ್ಸಿ ಮುಂಡೆ, ಕೊಡೇ ಇಲ್ಲಿ,” ಎಂದು ಚಿದಂಬರ ಮಗ್ಗು ಕಿತ್ತುಕೊಂಡ. ಷಡಕ್ಷರಪ್ಪ ಕಣ್ಣಿನಲ್ಲೇ ಅವನನ್ನು ತಡೆದು, ಹನ್ನೊಂದು ಹೆಬ್ಬೆಟ್ಟಿನ ಕಾಗದವನ್ನು ಎಂಜಿನಿಯರಿಗೆ ಕೊಟ್ಟರು. “ಅವರಾಗೇ ಕೇಳಿ ತಗೊಂಡು ಹೋಗಿದ್ದು ಮೇಡಂ. ಬಡವರು, ಇಲ್ಲ ಅನ್ನಕ್ಕಾಗಲ್ಲ.”

ಶಿಲ್ಪಶ್ರೀ ಕಾಗದಕ್ಕಿಂತ ಹೆಚ್ಚು ಹೊತ್ತು ಮಗ್ಗನ್ನು ನೋಡಿದಳು. ಆಕೆಗೆ ಆ ಹಸಿರಿನ ಅರ್ಥ ಗೊತ್ತಿತ್ತು. ಪಟ್ಟಿಯ ಮೇಲೆ ಪೆನ್ನು ನಿಂತಿತು.

“ಮನೆಗಳು ನನ್ನ ಪಟ್ಟಿಯಲ್ಲಿ ಇಲ್ಲಮ್ಮ,” ಎಂದಳು ತಗ್ಗಿದ ದನಿಯಲ್ಲಿ. “ಕಾಂಪೌಂಡ್ ಒಳಗೆ ಇರೋದನ್ನ ಮಾತ್ರ ನಾನು ಬರೀಬಹುದು.”

“ಕಾಂಪೌಂಡ್ ಒಳ್ಗಿದ್ರೆ?”

“ಇದ್ದಿದ್ರೆ ಬರೀಲೇಬೇಕಾಗಿತ್ತು.”

“ಊಟ ಮುಗಿಸಿ ಹಳೇಬೀಡು ನೋಡ್ಕೊಂಡು ಬನ್ನಿ ಮೇಡಂ,” ಎಂದು ಷಡಕ್ಷರಪ್ಪ ನಡುವೆ ಬಂದರು. “ಇಷ್ಟು ದೂರ ಬಂದು ನೋಡದೆ ಹೋದ್ರೆ ಹೆಂಗೆ? ಐದು ಗಂಟೆಗೆ ಬಂದು ಸೈನ್ ಹಾಕಿದ್ರಾಯ್ತು.”

ಕಾರು ಹೊರಟ ಮೇಲೆ ಚಿದಂಬರ ಮಾದಮ್ಮನ ಕೈಗವಸನ್ನು ತಾನೇ ಎಳೆದು ಬಿಚ್ಚಿಕೊಂಡು ಅವಳನ್ನು ಗೇಟಿನಾಚೆ ಹಾಕಿಸಿದ.

ಮಾದಮ್ಮ ನೇರ ಮನೆಗೆ ಬಂದು ಹಾರೆ ಹಿಡಿದಳು. ಒಲೆಯ ಪಕ್ಕದಿಂದ ತೊಡಗಿ ಬಾಗಿಲ ಕಡೆಗೆ ಅಗೆದಳು. ಹೇಮಾಶ್ರೀ ಕೂಸನ್ನು ಕಂಕುಳಲ್ಲಿ ಎತ್ತಿಕೊಂಡು ಅಂಗಳದಲ್ಲಿ ನಿಂತಳು. ಊಟಕ್ಕೆ ಬಂದಿದ್ದ ಗಿಡ್ಡಮ್ಮ ಸದ್ದು ಕೇಳಿ ಬಾಗಿಲಿಗೆ ಬಂದಳು.

“ಇರೋ ಮನೇನೂ ಕಿತ್ತಾಕ್ತಿಯೇನೇ ಮುಂಡೇದೇ.”

“ಕಾಂಪೌಂಡ್ ಒಳ್ಗಿದ್ರೆ ಬರೀತಾರಂತೆ. ಒಳ್ಗಡೀಕೆ ಹೊತ್ತಾಕ್ತೀನಿ.”

ಗಿಡ್ಡಮ್ಮ ಕೂಸಿನ ಮೊಣಕಾಲು ನೋಡಿದಳು. ಅಗೆದ ಹಳದಿ ಗುಂಡಿ ನೋಡಿದಳು. ಹೊಸ್ತಿಲ ಮೇಲೆ ಕೂತಳು.

“ನನ್ನ ತಂಗಿ ಮನೆಗೆ ಮೂರು ಬುಟ್ಟಿ ಕಳ್ಸಿದೀನಲ್ಲೇ,” ಎಂದಳು. “ಅವಳ ಸೊಸೆ ಬಾಣಂತಿ.”

ಮಾದಮ್ಮ ಅಗೆಯುತ್ತಲೇ ಇದ್ದಳು. ಸ್ವಲ್ಪ ಹೊತ್ತಿನ ಮೇಲೆ ಗಿಡ್ಡಮ್ಮ ಎದ್ದುಹೋದಳು. ಪಕ್ಕದ ಮನೆಯ ಒಳಗಿನಿಂದ ಗುದ್ದಲಿಯ ಸದ್ದು ಕೇಳಿತು. ಆಮೇಲೆ ಮತ್ತೊಂದು ಮನೆಯಿಂದ. ಐದು ಮನೆಯವರು ಬಾಗಿಲು ಹಾಕಿಕೊಂಡು ಒಳಗೇ ಉಳಿದರು.

ಐದು ಗಂಟೆಗೆ ಮುಂಚೆ ಏಳು ಹೆಂಗಸರು ತಲೆಯ ಮೇಲೆ ಬುಟ್ಟಿ ಹೊತ್ತು ಕಾರ್ಖಾನೆಯ ಸರಳುಗೇಟಿನ ಮುಂದೆ ನಿಂತರು. ಒಳಗೆ ಚಿದಂಬರ ಬೀಗ ಜಗ್ಗಿ ನೋಡಿದ.

“ಅಲ್ಲೇ ಚರಂಡಿಗೆ ಸುರ್ದು ಹೋಗ್ರೇ.”

“ಚರಂಡಿ ಕೆರೆಗೋಗ್ತೈತೆ,” ಎಂದಳು ಮಾದಮ್ಮ.

“ತೋಟಕ್ಕೆ ಸುರೀರಿ.”

“ನಿಮ್ಮ ಮಾವನ ತೋಟಕ್ಕಾ? ಹೇಳು, ಸುರೀತೀವಿ. ಎಳನೀರು ನೀನೇ ಕುಡೀವಂತೆ,” ಎಂದಳು ಗಿಡ್ಡಮ್ಮ. ಹಿಂದೆ ಒಬ್ಬಳು ಕಿಸಕ್ಕನೆ ನಕ್ಕಳು.

“ನಾಳೆಯಿಂದ ಒಬ್ಬಳಿಗೂ ಕೆಲ್ಸ ಇಲ್ಲ. ಜಾಗಾನೂ ಖಾಲಿ ಮಾಡ್ಬೇಕು. ಇಳ್ಸಿ ಬುಟ್ಟಿ.”

ಯಾರೂ ಇಳಿಸಲಿಲ್ಲ. ಇಳಿಬಿಸಿಲಿನಲ್ಲಿ ಬೆವರು ಬುಟ್ಟಿಯ ಧೂಳನ್ನು ಕಲಸಿಕೊಂಡು ಹಣೆಯಿಂದ ಹುಬ್ಬಿಗೆ, ಹುಬ್ಬಿನಿಂದ ಕಣ್ಣಿಗೆ ಹಳದಿಯಾಗಿ ಇಳಿಯುತ್ತಿತ್ತು. ಒರೆಸಿಕೊಳ್ಳಲು ಕೈ ಬಿಡುವಂತಿರಲಿಲ್ಲ. ಹಿಂದೆ ಕಂಪನಿಯ ಕಾರು ಬಂದು ನಿಂತು ಹಾರ್ನ್ ಹೊಡೆಯಿತು. ತಲೆಯ ಹೊರೆಯಿಂದಾಗಿ ಅವರಿಗೆ ತಿರುಗಿ ನೋಡಲಾಗಲಿಲ್ಲ. ಗಾಜು ಇಳಿಯಿತೋ ಇಲ್ಲವೋ ತಿಳಿಯಲಿಲ್ಲ.

ಮಾದಮ್ಮ ಮುಂದೆ ನಡೆದು ಬುಟ್ಟಿಯ ಅಂಚನ್ನು ಸರಳಿಗೆ ಆನಿಸಿ ಬಗ್ಗಿಸಿದಳು. ಮಣ್ಣು ಅರ್ಧ ಒಳಗೆ ಬಿತ್ತು, ಚಿದಂಬರನ ಬೂಟಿನ ಮೇಲೆ. ಅರ್ಧ ಹೊರಗೇ ಉಳಿಯಿತು. ಅವಳು ಕುಕ್ಕರಗಾಲಿನಲ್ಲಿ ಕೂತು, ಹೊರಗುಳಿದದ್ದನ್ನು ಬರಿಗೈಯಿಂದ ಬಾಚಿ ಸರಳುಗಳ ಸಂದಿಯಲ್ಲಿ ಒಳಕ್ಕೆ ನೂಕತೊಡಗಿದಳು. ಒಳಗಿನಿಂದ ಚಿದಂಬರ ಅದನ್ನು ಬೂಟುಗಾಲಿನಿಂದ ಹೊರಕ್ಕೆ ತಳ್ಳುತ್ತಿದ್ದ. ಅವಳ ಮಗ್ಗುಲಲ್ಲಿ ಗಿಡ್ಡಮ್ಮನ ಬುಟ್ಟಿ ಬಗ್ಗಿತು.